ಒಂದೇ ಊರು, ಮೂರು ಜಿಲ್ಲೆ: ಈ ಕಾರ್ಡು ಯಾವ ಕಾಲದ್ದು?

ಅಂಚೆಪೆಟ್ಟಿಗೆ, ಭಾನುವಾರ ಬೆಳಿಗ್ಗೆ 10.12

ಮೈಸೂರಿನಲ್ಲಿ ಹಳೆಯ ಕಾಗದಪತ್ರ ಮಾರುವವರೊಬ್ಬರಿಂದ ಕೊಂಡ ಪೆಟ್ಟಿಗೆಯಲ್ಲಿ ಉತ್ತರ ಜರ್ಮನಿಯ ಗಾರ್ಟೋ ಎಂಬ ಊರಿನಿಂದ ಹೊರಟ ಮೂರು ಅಂಚೆ ವಸ್ತುಗಳು ಸಿಕ್ಕಿವೆ. ಊರು ಒಂದೇ, ಜಿಲ್ಲೆ ಮಾತ್ರ ಮೂರರಲ್ಲೂ ಬೇರೆ ಬೇರೆ. 1911ರ ಮುದ್ರೆ ಸ್ಪಷ್ಟವಾಗಿರುವ ಲಕೋಟೆಯಲ್ಲಿ ‘ಕ್ರೈಸ್ ಲ್ಯೂಖೋವ್’ ಎಂದಿದೆ. 1958ರ ಲಕೋಟೆಯಲ್ಲಿ ‘ಲ್ಯೂಖೋವ್-ಡಾನೆನ್‌ಬೆರ್ಗ್’. ಮೂರನೆಯದು ಚಿತ್ರದ ಕಾರ್ಡು. ಅದರಲ್ಲಿ ಬರೀ ‘ಕ್ರೈಸ್ ಡಾನೆನ್‌ಬೆರ್ಗ್’. ಅಂಚೆಚೀಟಿ ಅರ್ಧ ಹರಿದಿದೆ, ಮುದ್ರೆಯ ತಾರೀಖು ಹರಿದ ಭಾಗದ ಜೊತೆಗೇ ಹೋಗಿದೆ.

ಚಿತ್ರದಲ್ಲಿ ದೊಡ್ಡ ನದಿಯೊಂದರ ಮೇಲೆ ಉದ್ದನೆಯ ರೈಲು ಸೇತುವೆ. ಕೆಳಗೆ ‘ಡೋಮಿಟ್ಸ್’ ಎಂದು ಅಚ್ಚಾಗಿದೆ. ಚಿತ್ರದ ಮೇಲೆ ಪೆನ್ಸಿಲಿನ ಎರಡು ಗೀಟುಗಳಿವೆ. ಯಾವುದೋ ಮಗು ಗೀಚಿರಬೇಕು, ಅಳಿಸಬೇಕೆಂದಿದ್ದೇನೆ. ಮೊದಲ ಮಹಾಯುದ್ಧಕ್ಕೆ ಮುಂಚಿನದು ಎಂದು ಅಂದಾಜು ಮಾಡಿ ಆಲ್ಬಮ್ಮಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಸರಿಯೇ?

ನಕ್ಷೆಹುಚ್ಚ, ಭಾನುವಾರ ಬೆಳಿಗ್ಗೆ 11.05

ಸರ್, ಬರೆದದ್ದನ್ನು ಅಳಿಸಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಗಾರ್ಟೋ ಇದ್ದದ್ದು ಲ್ಯೂಖೋ ಜಿಲ್ಲೆಯಲ್ಲಿ. ನಿಮ್ಮ 1911ರ ಲಕೋಟೆಯೇ ಅದಕ್ಕೆ ಸಾಕ್ಷಿ.

ಕಥೆ ಹೀಗಿದೆ. ಹನೋವರ್ ರಾಜ್ಯವನ್ನು 1866ರಲ್ಲಿ ಪ್ರಷ್ಯಾ ನುಂಗಿ ತನ್ನದೊಂದು ಪ್ರಾಂತ್ಯವಾಗಿ ಮಾಡಿಕೊಂಡಿತು. ಆದರೂ ಹನೋವರಿನ ಹಳೆಯ ‘ಆಮ್ಟ್’ ಎಂಬ ಸಣ್ಣ ಆಡಳಿತ ಘಟಕಗಳನ್ನು ಕೂಡಲೇ ಮುರಿಯಲಿಲ್ಲ. ಪ್ರಷ್ಯಾ ಮಾದರಿಯ ‘ಕ್ರೈಸ್’, ಅಂದರೆ ಜಿಲ್ಲೆ, ಅಲ್ಲಿಗೆ ಬಂದದ್ದು 1884ರ ಕಾನೂನಿನಿಂದ, 1885ರ ಏಪ್ರಿಲ್ 1ರಂದು. ಆಗ ಎಲ್ಬೆ ನದಿಯ ಈ ಮೂಲೆಯಲ್ಲಿ ಎರಡು ಪುಟ್ಟ ಜಿಲ್ಲೆಗಳು ಹುಟ್ಟಿದವು. ಉತ್ತರಕ್ಕೆ ಡಾನೆನ್‌ಬೆರ್ಗ್, ದಕ್ಷಿಣಕ್ಕೂ ಪೂರ್ವಕ್ಕೂ ಲ್ಯೂಖೋ. ಗಾರ್ಟೋ, ಶ್ನಾಕೆನ್‌ಬುರ್ಗ್, ವುಸ್ಟ್ರೋ, ಕ್ಲೆಂಟ್ಸೆ ಎಲ್ಲವೂ ಲ್ಯೂಖೋ ಪಾಲು.

1932ರ ಅಕ್ಟೋಬರ್ 1ರಂದು ಎರಡನ್ನೂ ಕೂಡಿಸಿ ‘ಡಾನೆನ್‌ಬೆರ್ಗ್’ ಎಂದು ಹೆಸರಿಟ್ಟರು. ಹಣದ ಮುಗ್ಗಟ್ಟಿನ ವರ್ಷ ಅದು. ಪ್ರಷ್ಯಾದ ಚುನಾಯಿತ ಸರ್ಕಾರವನ್ನು ಅದೇ ಜುಲೈನಲ್ಲಿ ಕಿತ್ತುಹಾಕಿ ಕೇಂದ್ರದವರು ಆಡಳಿತವನ್ನು ಕೈಗೆ ತೆಗೆದುಕೊಂಡಿದ್ದರು. ಹೀಗಾಗಿ ಪ್ರಷ್ಯಾದುದ್ದಕ್ಕೂ ಹತ್ತಾರು ಜಿಲ್ಲೆಗಳನ್ನು ಒಂದೇ ಏಟಿಗೆ ಕೂಡಿಸಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಪಕ್ಕದ ಬ್ಲೆಕೆಡೆ ಜಿಲ್ಲೆ ಲ್ಯೂನೆಬುರ್ಗ್‌ಗೆ ಸೇರಿ ಮಾಯವಾದದ್ದೂ ಆಗಲೇ. ಇಲ್ಲಿ ಲ್ಯೂಖೋ ಎಂಬ ಹೆಸರು ಮಾಯವಾಯಿತು. 1951ರಲ್ಲಿ ಎರಡೂ ಹೆಸರು ಸೇರಿಸಿ ‘ಲ್ಯೂಖೋ-ಡಾನೆನ್‌ಬೆರ್ಗ್’ ಮಾಡಿದರು. ಇಂದಿಗೂ ಅದೇ.

ಎಂದಮೇಲೆ ನಿಮ್ಮ ಕಾರ್ಡು 1932ಕ್ಕೂ 1951ಕ್ಕೂ ನಡುವಿನದು.

ಹಳೇಗುಮಾಸ್ತ, ಭಾನುವಾರ ಮಧ್ಯಾಹ್ನ 12.30

ನಕ್ಷೆಯವರೇ, ಇಷ್ಟು ಆತುರ ಬೇಡ. ಮೂವತ್ತೊಂದು ವರ್ಷ ಕಂದಾಯ ಇಲಾಖೆಯಲ್ಲಿ ಕಡತ ಕಟ್ಟಿದವನು ಹೇಳುತ್ತಿದ್ದೇನೆ. ಸರ್ಕಾರ ಹೆಸರು ಬದಲಿಸಿದ ಮರುದಿನವೇ ಜನ ಬದಲಿಸುವುದಿಲ್ಲ. ತಾಲ್ಲೂಕು ಒಡೆದು ಹದಿನೈದು ವರ್ಷವಾದರೂ ಹಳೆಯ ತಾಲ್ಲೂಕಿನ ಹೆಸರಿನಲ್ಲೇ ಅರ್ಜಿ ಬರೆದುಕೊಂಡು ಬರುತ್ತಿದ್ದರು. 1932ಕ್ಕೆ ಮುಂಚೆ ಇಲ್ಲ ಎಂಬುದನ್ನು ಒಪ್ಪುತ್ತೇನೆ, ಊರು ಇನ್ನೂ ಸೇರದ ಜಿಲ್ಲೆಯ ಹೆಸರನ್ನು ಯಾರೂ ಬರೆಯಲಾರರು. ಆದರೆ 1951ರ ಗೆರೆ ನೀರಿನ ಮೇಲಿನ ಗೆರೆ.

ಇನ್ನೊಂದು ಪ್ರಶ್ನೆ. ಅಲ್ಲಿ ಜಿಲ್ಲೆಯ ಮೇಲಿದ್ದ ಅಧಿಕಾರಿ ನಮ್ಮ ಜಿಲ್ಲಾಧಿಕಾರಿಯ ಹಾಗೆ ಮೇಲಿನಿಂದ ಬರುತ್ತಿದ್ದನೇ?

ನಕ್ಷೆಹುಚ್ಚ, ಭಾನುವಾರ ಮಧ್ಯಾಹ್ನ 1.15

ನೀರಿನ ಮೇಲಿನ ಗೆರೆ ಎಂಬುದನ್ನು ಒಪ್ಪಿದೆ, ಗುಮಾಸ್ತರೇ.

ಅಧಿಕಾರಿಯ ಹೆಸರು ‘ಲಾಂಡ್ರಾಟ್’. ಪ್ರಷ್ಯಾದ ಕಾಲದಲ್ಲಿ ಆತ ರಾಜ್ಯ ನೇಮಿಸಿದ ಮನುಷ್ಯ. ಜಿಲ್ಲಾ ಸಭೆಯೊಂದು ಇತ್ತು, ಆದರೆ ಚಾವಟಿ ಇದ್ದದ್ದು ಲಾಂಡ್ರಾಟ್ ಕೈಯಲ್ಲಿ. 1945ರ ನಂತರ ಆ ಭಾಗ ಬ್ರಿಟಿಷರ ವಲಯಕ್ಕೆ ಬಂತು. ಅವರು ತಮ್ಮ ದೇಶದ ಪದ್ಧತಿಯನ್ನು ನೆಟ್ಟು ಒಂದು ಜಿಲ್ಲೆಗೆ ಎರಡು ತಲೆ ಇಟ್ಟರು. ಜನಪ್ರತಿನಿಧಿಗಳ ನಡುವಿನಿಂದ ಬಂದ, ಸಂಬಳವಿಲ್ಲದ ಲಾಂಡ್ರಾಟ್ ಸಭೆ ನಡೆಸುವುದು, ‘ಓಬರ್‌ಕ್ರೈಸ್‌ಡಿರೆಕ್ಟೋರ್’ ಎಂಬ ವೃತ್ತಿಪರ ಅಧಿಕಾರಿ ಕಚೇರಿ ನಡೆಸುವುದು. ನಮ್ಮ ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರನ್ನೂ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯನ್ನೂ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಆ ಜೋಡಿ. ಐವತ್ತು ವರ್ಷ ಹಾಗೇ ನಡೆಯಿತು. 1996ರಲ್ಲಿ, ಈ ಜಿಲ್ಲೆ ಈಗಿರುವ ನೀಡರ್‌ಸಾಕ್ಸನ್ ರಾಜ್ಯ ಕಾನೂನು ಬದಲಿಸಿತು. ಆಮೇಲೆ ಒಂದೇ ತಲೆ. ಜನರೇ ನೇರವಾಗಿ ಆರಿಸುವ, ಸಂಬಳ ಪಡೆಯುವ ಲಾಂಡ್ರಾಟ್. ಹೆಸರು ಹಳೆಯದೇ, ಒಳಗಿನ ಮನುಷ್ಯ ಎರಡು ಸಲ ಬದಲಾದ.

ಎಲ್ಬೆಯಾಚೆ, ಭಾನುವಾರ ಸಂಜೆ 6.40

ನಾನು ಹ್ಯಾಂಬರ್ಗ್‌ನಲ್ಲಿದ್ದೇನೆ. ಈ ಜಿಲ್ಲೆಯಲ್ಲಿ ಸೈಕಲ್ ತುಳಿದು ಕಾಲು ನೋಯಿಸಿಕೊಂಡಿದ್ದೇನೆ, ಆದ್ದರಿಂದ ಮೂಗು ತೂರಿಸುವ ಹಕ್ಕಿದೆ.

ಮೊದಲು ಉಚ್ಚಾರಣೆ. ಅಂಚೆಪೆಟ್ಟಿಗೆ ಸರ್, ‘ಲ್ಯೂಖೋವ್’ ಅಲ್ಲ, ‘ಲ್ಯೂಖೋ’. ಕೊನೆಯ ಅಕ್ಷರವನ್ನು ಬರೆಯುತ್ತಾರೆ, ನುಡಿಯುವುದಿಲ್ಲ. ಗಾರ್ಟೋ, ವುಸ್ಟ್ರೋ ಎಲ್ಲವೂ ಹಾಗೆಯೇ. ಸ್ಲಾವ್ ಭಾಷೆಯಿಂದ ಬಂದ ಊರ ಹೆಸರುಗಳಿವು.

ಈ ಸೀಮೆಯನ್ನು ಜನ ಜಿಲ್ಲೆಯ ಹೆಸರಿನಿಂದ ಕರೆಯುವುದೇ ಅಪರೂಪ, ‘ವೆಂಡ್‌ಲಾಂಡ್’ ಎನ್ನುತ್ತಾರೆ, ವೆಂಡರ ನಾಡು. ವೆಂಡರೆಂದರೆ ಇಲ್ಲಿ ನೆಲೆಸಿದ್ದ ಸ್ಲಾವ್ ಜನ. ಹಳ್ಳಿಗಳ ಆಕಾರ ನೋಡಿದರೆ ಬೆರಗಾಗುತ್ತದೆ. ನಡುವೆ ದುಂಡನೆಯ ಬಯಲು, ಸುತ್ತ ಬೀಸಣಿಗೆ ಬಿಚ್ಚಿದ ಹಾಗೆ ಮನೆಗಳು, ಎಲ್ಲದರ ಮುಖವೂ ಬಯಲಿನ ಕಡೆಗೆ. ಒಳಗೆ ಹೋಗಲು ಇರುವುದು ಒಂದೇ ದಾರಿ. ಲ್ಯೂಬೆಲ್ನ್ ಎಂಬ ಹಳ್ಳಿಯಲ್ಲಿ ಇದಕ್ಕೆಂದೇ ವಸ್ತುಸಂಗ್ರಹಾಲಯವಿದೆ.

ಜಿಲ್ಲೆಯ ವಿಸ್ತೀರ್ಣ ಸುಮಾರು 1,220 ಚದರ ಕಿಲೋಮೀಟರ್. ಜನಸಂಖ್ಯೆ ಐವತ್ತು ಸಾವಿರಕ್ಕೂ ಕಡಿಮೆ. ಇಡೀ ಜರ್ಮನಿಯ ಗ್ರಾಮೀಣ ಜಿಲ್ಲೆಗಳಲ್ಲಿ ಇದಕ್ಕಿಂತ ಕಡಿಮೆ ಜನ ಇರುವ ಜಿಲ್ಲೆ ಇನ್ನೊಂದಿಲ್ಲ. ಎಕ್ಸ್‌ಪ್ರೆಸ್ ಹೆದ್ದಾರಿ ಜಿಲ್ಲೆಯೊಳಗೆ ಕಾಲಿಟ್ಟಿಲ್ಲ. ಜಿಲ್ಲಾ ಕಚೇರಿ ಇರುವ ಲ್ಯೂಖೋಗೆ ಪ್ರಯಾಣಿಕರ ರೈಲೂ ಇಲ್ಲ.

ತಮಾಷೆಯ ಸಂಗತಿಯೊಂದು. ಕಚೇರಿ ಲ್ಯೂಖೋದಲ್ಲಿ, ಜಿಲ್ಲೆಯ ಹೆಸರಿನಲ್ಲೂ ಲ್ಯೂಖೋಗೇ ಮೊದಲ ಸ್ಥಾನ. ಆದರೆ 1956ರಲ್ಲಿ ಬಂದ ವಾಹನ ನೋಂದಣಿ ಫಲಕದಲ್ಲಿ ಡಾನೆನ್‌ಬೆರ್ಗ್‌ನ ಮೊದಲ ಮೂರು ಅಕ್ಷರ ಸೇರಿದವು. ಹಾಗಾಗಿ ಗೊಬ್ಬರ ಹೊತ್ತ ಟ್ರ್ಯಾಕ್ಟರುಗಳೆಲ್ಲ ‘ಡಾನ್’ ಎಂದು ಹಣೆಗೆ ಬರೆದುಕೊಂಡು ಓಡಾಡುತ್ತವೆ. ಮೊದಲ ಸಲ ನೋಡಿದಾಗ ನಾನೊಬ್ಬಳೇ ರಸ್ತೆ ಬದಿಯಲ್ಲಿ ನಿಂತು ನಕ್ಕಿದ್ದೆ.

ಪದಕೋಶ, ಭಾನುವಾರ ರಾತ್ರಿ 8.55

ಎಲ್ಬೆಯಾಚೆ ಅವರು ಸ್ಲಾವ್ ಹೆಸರುಗಳ ಮಾತು ಎತ್ತಿದ್ದರಿಂದ ಸುಮ್ಮನಿರಲಾಗಲಿಲ್ಲ. ಅಲ್ಲಿನ ಭಾಷೆಯನ್ನು ವಿದ್ವಾಂಸರು ಪೊಲಾಬಿಯನ್ ಎನ್ನುತ್ತಾರೆ. ಹದಿನೆಂಟನೆಯ ಶತಮಾನದ ನಡುವಿಗೆ ಅದು ಸತ್ತುಹೋಯಿತು. ಸಾಯುತ್ತಿರುವುದು ಗೊತ್ತಾಗಿದ್ದ ಇಬ್ಬರು ಅದನ್ನು ಬರೆದಿಟ್ಟರು. ಒಬ್ಬ ವುಸ್ಟ್ರೋ ಊರಿನ ಪಾದ್ರಿ ಕ್ರಿಸ್ಟಿಯಾನ್ ಹೆನ್ನಿಗ್. ರೈತನೊಬ್ಬನನ್ನು ಕೂರಿಸಿಕೊಂಡು ಪದ ಪದ ಕೇಳಿ ನಿಘಂಟು ಮಾಡಿದ. ಇನ್ನೊಬ್ಬ ಸ್ಯೂಟೆನ್ ಹಳ್ಳಿಯ ರೈತ ಯೋಹಾನ್ ಪಾರುಮ್ ಶುಲ್ಟ್ಸೆ. ಆತ 1725ರ ಸುಮಾರಿಗೆ ತನ್ನ ದಿನಚರಿಯಲ್ಲಿ ಬರೆದ ಒಂದು ಮಾತು ನನಗೆ ಆಗಾಗ ನೆನಪಾಗುತ್ತದೆ. ತನಗೆ ನಲವತ್ತೇಳು ವರ್ಷ, ತಾನೂ ಊರಿನ ಇನ್ನು ಮೂವರೂ ತೀರಿಕೊಂಡರೆ ವೆಂಡರ ಮಾತಿನಲ್ಲಿ ನಾಯಿಗೆ ಏನೆನ್ನುತ್ತಾರೆ ಎಂಬುದು ಸರಿಯಾಗಿ ಯಾರಿಗೂ ತಿಳಿದಿರುವುದಿಲ್ಲ ಎಂದು.

ಇದೇ ಹನೋವರ್ ನಾಡಿನಲ್ಲಿ, ಪಶ್ಚಿಮದ ಸಮುದ್ರದ ಅಂಚಿಗೆ, 1832ರಲ್ಲಿ ರೆಸ್ಟರ್‌ಹಾಫೆ ಎಂಬ ಹಳ್ಳಿಯ ಪಾದ್ರಿಯ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ನಮ್ಮ ಫರ್ಡಿನೆಂಡ್ ಕಿಟೆಲ್. 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟವರು. ಹೆನ್ನಿಗ್ ಕೈಯಲ್ಲಿದ್ದದ್ದು ಕೊನೆಯುಸಿರೆಳೆಯುತ್ತಿದ್ದ ಭಾಷೆ, ಕಿಟೆಲ್ ಕೈಯಲ್ಲಿದ್ದದ್ದು ಊರೂರಲ್ಲಿ ಗಲಗಲ ಎನ್ನುತ್ತಿದ್ದ ಭಾಷೆ.

ಹಳೇಗುಮಾಸ್ತ, ಭಾನುವಾರ ರಾತ್ರಿ 9.20

ಮೇಷ್ಟ್ರೇ, ಚೆನ್ನಾಗಿದೆ. ಆದರೆ ಕಿಟೆಲ್ ಸಾಹೇಬರ ಊರು ಈಗ ಯಾವ ಜಿಲ್ಲೆ?

ನಕ್ಷೆಹುಚ್ಚ, ಭಾನುವಾರ ರಾತ್ರಿ 9.48

ಗುಮಾಸ್ತರೇ, ಇಂಥ ಪ್ರಶ್ನೆ ಬಂದರೆ ನನಗೆ ಹಬ್ಬ. ಕಿಟೆಲ್ ಹುಟ್ಟಿದಾಗ ಅಲ್ಲಿ ‘ಕ್ರೈಸ್’ ಎಂಬುದೇ ಇರಲಿಲ್ಲ, ಅದು ಹನೋವರ್ ರಾಜ್ಯ. 1885ರಲ್ಲಿ ಆ ಊರು ನೋರ್ಡೆನ್ ಜಿಲ್ಲೆಗೆ ಸೇರಿತು. 1977ರಲ್ಲಿ ನೋರ್ಡೆನ್ ಜಿಲ್ಲೆಯನ್ನು ಔರಿಖ್ ನುಂಗಿತು. ಕನ್ನಡದ ಲೇಖನಗಳಲ್ಲಿ ಅವರ ಊರನ್ನು ಬರೀ ‘ಜರ್ಮನಿಯ ಹಳ್ಳಿ’ ಎಂದು ಮುಗಿಸುವುದನ್ನು ನೋಡಿ ಬೇಸತ್ತಿದ್ದೇನೆ.

ಆ ಸೀಮೆಯದೇ ಇನ್ನೊಂದು ಪ್ರಸಂಗ ಹೇಳದಿದ್ದರೆ ನಿದ್ದೆ ಬರುವುದಿಲ್ಲ. 1977ರ ಆಗಸ್ಟ್ 1ರಂದು ವಿಟ್‌ಮುಂಡ್ ಜಿಲ್ಲೆಯನ್ನೂ ಪಕ್ಕದ ಫ್ರೀಸ್‌ಲಾಂಡ್ ಜಿಲ್ಲೆಯ ಭಾಗಗಳನ್ನೂ ಒಟ್ಟುಗೂಡಿಸಿದರು. ಶತಮಾನಗಳಿಂದ ಬೇರೆ ಬೇರೆ ಒಡೆಯರ ಕೆಳಗಿದ್ದ ಜನ ಅವರು, ಮುನಿಸಿಕೊಂಡರು. ಪ್ರಕರಣ ರಾಜ್ಯದ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಯಿತು. 1980ರ ಜನವರಿ 1ಕ್ಕೆ ಎರಡೂ ಜಿಲ್ಲೆಗಳು ಮತ್ತೆ ಬೇರೆಯಾದವು. ಎರಡೂವರೆ ವರ್ಷದ ಸಂಸಾರ.

ಅಂಚೆಪೆಟ್ಟಿಗೆ, ಸೋಮವಾರ ಬೆಳಿಗ್ಗೆ 7.30

ಒಂದು ಕಾರ್ಡಿನ ತಾರೀಖು ಕೇಳಿದ್ದಕ್ಕೆ ಇಷ್ಟೆಲ್ಲ ಸಿಕ್ಕಿತು. ಎಲ್ಬೆಯಾಚೆ ಅವರ ಮಾತಿನಂತೆ ಇನ್ನು ಮುಂದೆ ‘ಲ್ಯೂಖೋ’ ಎಂದೇ ಬರೆಯುತ್ತೇನೆ. ಒಂದು ಸಂಶಯ. 1977ರಲ್ಲಿ ಅಷ್ಟೊಂದು ಜಿಲ್ಲೆಗಳು ಅಳಿದವು ಎನ್ನುತ್ತೀರಿ. ಎಲ್ಲಕ್ಕಿಂತ ಕಡಿಮೆ ಜನರಿರುವ ಇದೇ ಜಿಲ್ಲೆ ಹೇಗೆ ಉಳಿಯಿತು? ಮೊದಲು ಹೋಗಬೇಕಾಗಿದ್ದದ್ದು ಇದೇ ಅಲ್ಲವೇ?

ನಕ್ಷೆಹುಚ್ಚ, ಸೋಮವಾರ ಬೆಳಿಗ್ಗೆ 8.10

ಈ ಎಳೆಯ ಅಸಲಿ ಪ್ರಶ್ನೆ ಇದು. ಯುದ್ಧ ಮುಗಿದಾಗ ನೀಡರ್‌ಸಾಕ್ಸನ್‌ನಲ್ಲಿ ಅರುವತ್ತು ಗ್ರಾಮೀಣ ಜಿಲ್ಲೆಗಳಿದ್ದವು. 1970ರ ದಶಕದ ಸುಧಾರಣೆ ಮುಗಿದಾಗ ನಲವತ್ತೂ ಉಳಿದಿರಲಿಲ್ಲ. ಲ್ಯೂಖೋ-ಡಾನೆನ್‌ಬೆರ್ಗ್ ಮಾತ್ರ ಒಂದು ಗೀರೂ ಇಲ್ಲದೆ ಪಾರಾಯಿತು.

ನನ್ನ ಅಭಿಪ್ರಾಯದಲ್ಲಿ ಅದನ್ನು ಉಳಿಸಿದ್ದು ಗಡಿ. ನಕ್ಷೆ ತೆರೆದು ನೋಡಿ. ಆ ಜಿಲ್ಲೆ ಪೂರ್ವ ಜರ್ಮನಿಯ ಹೊಟ್ಟೆಯೊಳಕ್ಕೆ ಚಾಚಿದ ಮೂಗು. ಉತ್ತರಕ್ಕೆ, ಪೂರ್ವಕ್ಕೆ, ದಕ್ಷಿಣಕ್ಕೆ ಮೂರು ಕಡೆಯೂ ಮುಳ್ಳುತಂತಿ, ಕಾವಲುಗೋಪುರ. ಪಶ್ಚಿಮಕ್ಕೆ ಮಾತ್ರ ಬಾಗಿಲು. ಲ್ಯೂಖೋಗೆ ಹತ್ತಿರದ ದೊಡ್ಡ ಪೇಟೆ ಸಾಲ್ಟ್ಸ್‌ವೇಡೆಲ್ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿದೆ, ಆದರೆ ಗಡಿಯಾಚೆ. ಹಿಂದೆ ಲ್ಯೂಖೋದಿಂದ ಅಲ್ಲಿಗೆ ರೈಲಿತ್ತು. ಅದು ತುಂಡಾಯಿತು. ಗಡಿ ಪ್ರದೇಶಗಳಿಗೆ ಕೇಂದ್ರ ಸರ್ಕಾರ ವಿಶೇಷ ನೆರವು ಕೊಡುತ್ತಿತ್ತು, ಅದಕ್ಕೆಂದೇ 1971ರಲ್ಲಿ ಕಾನೂನು ಬಂತು. ಅಂಥ ಮೂಲೆಯ ಜಿಲ್ಲಾ ಕಚೇರಿಯನ್ನು ಮುಚ್ಚಿ ಅರುವತ್ತು ಎಪ್ಪತ್ತು ಕಿಲೋಮೀಟರ್ ಆಚೆ ಕೊಂಡೊಯ್ದರೆ ನಿಮ್ಮನ್ನು ಕೈಬಿಟ್ಟಿದ್ದೇವೆ ಎಂದು ಜನರಿಗೆ ಹೇಳಿದಂತೆಯೇ.

ಹಳೇಗುಮಾಸ್ತ, ಸೋಮವಾರ ಬೆಳಿಗ್ಗೆ 9.00

ಗಡಿ 1990ರಲ್ಲಿ ಹೋಯಿತಲ್ಲ. ಆಮೇಲೂ ಏಕೆ ಉಳಿಯಿತು? ನನ್ನ ಅನುಭವದಲ್ಲಿ ಕಚೇರಿಗಳನ್ನು ಕೂಡಿಸುವಾಗ ಎಲ್ಲರೂ ಮೊದಲು ನೋಡುವುದು ಎದುರಿನವನ ಸಾಲದ ಪುಸ್ತಕ. ಬಡವನ ಮನೆಯ ಜೊತೆ ಸಂಬಂಧ ಬೆಳೆಸಲು ಯಾರು ಮುಂದೆ ಬರುತ್ತಾರೆ?

ಎಲ್ಬೆಯಾಚೆ, ಸೋಮವಾರ ಸಂಜೆ 7.15

ಗುಮಾಸ್ತರೇ, ಗುರಿ ಸರಿಯಾಗಿ ತಾಗಿದೆ. ಈ ಜಿಲ್ಲೆಯ ಖಜಾನೆ ಬಹಳ ವರ್ಷ ಬರಿದು. ಗಡಿ ನೆರವು 1990ರ ದಶಕದಲ್ಲಿ ನಿಂತಿತು, ಯುವಕರು ಹ್ಯಾಂಬರ್ಗ್ ಕಡೆ ಹೊರಟರು. ನೆರೆಯ ಜಿಲ್ಲೆಗಳ ಜೊತೆ ವಿಲೀನದ ಮಾತು 2010ರ ದಶಕದ ಆರಂಭದಲ್ಲಿ ನಡೆಯಿತು, ಕೈಗೂಡಲಿಲ್ಲ. ಅದಕ್ಕೂ ಮುಂಚೆ ಇನ್ನೂ ವಿಚಿತ್ರವಾದ ಯೋಚನೆಯೊಂದು ಇತ್ತು. ಅದನ್ನು ಹೇಳಬೇಕಾದರೆ ‘ಜಾಮ್ಟ್‌ಗೆಮೈಂಡೆ’ ಎಂದರೇನೆಂದು ಹೇಳಬೇಕು.

ಸಣ್ಣ ಹಳ್ಳಿಗಳು ತಮ್ಮ ಸಭೆ, ತಮ್ಮ ಮುಖಂಡ, ತಮ್ಮ ಹೆಸರು ಎಲ್ಲವನ್ನೂ ಉಳಿಸಿಕೊಂಡು, ಕಚೇರಿಯ ಕೆಲಸವನ್ನು ಮಾತ್ರ ಒಟ್ಟಾಗಿ ಮಾಡಿಸಿಕೊಳ್ಳುವ ಏರ್ಪಾಡು ಅದು. ಅಡುಗೆ ಒಂದೇ ಒಲೆಯಲ್ಲಿ, ಊಟ ಅವರವರ ಮನೆಯಲ್ಲಿ. 1972ರ ಸುಧಾರಣೆಗೆ ಮುಂಚೆ ಜಿಲ್ಲೆಯಲ್ಲಿ ನೂರಕ್ಕೂ ಮಿಕ್ಕಿ ಸ್ವತಂತ್ರ ಗ್ರಾಮಸಂಸ್ಥೆಗಳಿದ್ದವು. ಈಗ 27. ಅವುಗಳ ಮೇಲೆ ಐದು ಜಾಮ್ಟ್‌ಗೆಮೈಂಡೆಗಳು ಇದ್ದವು: ಡಾನೆನ್‌ಬೆರ್ಗ್, ಹಿಟ್ಸಾಕರ್, ಲ್ಯೂಖೋ, ಕ್ಲೆಂಟ್ಸೆ, ಗಾರ್ಟೋ.

ಐವತ್ತು ಸಾವಿರ ಜನಕ್ಕೆ ಹಳ್ಳಿ, ಜಾಮ್ಟ್‌ಗೆಮೈಂಡೆ, ಜಿಲ್ಲೆ ಎಂದು ಮೂರು ಅಂತಸ್ತು ಏಕೆ, ನಡುವಿನದನ್ನೂ ಮೇಲಿನದನ್ನೂ ಕಲಸಿ ಇಡೀ ಜಿಲ್ಲೆಯನ್ನೇ ಒಂದು ಜಾಮ್ಟ್‌ಗೆಮೈಂಡೆ ಮಾಡಿಬಿಡೋಣ ಎಂಬುದು ಆ ಯೋಚನೆ. ದೇಶದಲ್ಲೆಲ್ಲೂ ಅಂಥದ್ದಿರಲಿಲ್ಲ. ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಅದು ಬಿದ್ದುಹೋಯಿತು. 2006ರ ನವೆಂಬರ್ 1ರಂದು ನಡೆದದ್ದು ಸಾಧಾರಣ ಸಂಗತಿ. ಡಾನೆನ್‌ಬೆರ್ಗ್, ಹಿಟ್ಸಾಕರ್ ಸೇರಿ ‘ಎಲ್ಬ್‌ಟಾಲೌವೆ’ ಆಯಿತು, ಲ್ಯೂಖೋಗೆ ಕ್ಲೆಂಟ್ಸೆ ಸೇರಿತು. ನಿಮ್ಮ ಕಾರ್ಡಿನ ಗಾರ್ಟೋ ಮಾತ್ರ ಐದು ಸದಸ್ಯ ಊರುಗಳನ್ನು ಕಟ್ಟಿಕೊಂಡು ಒಂಟಿಯಾಗಿ ನಿಂತಿತು.

ಹಳೇಗುಮಾಸ್ತ, ಸೋಮವಾರ ಸಂಜೆ 7.40

ಗಾರ್ಟೋ ಏಕೆ ಸೇರಲಿಲ್ಲ? ಅದಕ್ಕೆ ಯಾವ ಆದಾಯ?

ಎಲ್ಬೆಯಾಚೆ, ಸೋಮವಾರ ಸಂಜೆ 7.58

ನೀವು ಯಾವುದನ್ನೂ ಬಿಡುವುದಿಲ್ಲ! ಆ ಐದು ಊರುಗಳಲ್ಲಿ ಒಂದರ ಹೆಸರು ಗೋರ್ಲೆಬೆನ್. ಅಷ್ಟು ಹೇಳಿದರೆ ಜರ್ಮನಿಯಲ್ಲಿ ಯಾರಿಗಾದರೂ ಅರ್ಥವಾಗುತ್ತದೆ.

1977ರ ಫೆಬ್ರುವರಿ 22ರಂದು ನೀಡರ್‌ಸಾಕ್ಸನ್‌ನ ಮುಖ್ಯಮಂತ್ರಿ ಎರ್ನ್‌ಸ್ಟ್ ಆಲ್ಬ್ರೆಖ್ಟ್ ಅವರು ದೇಶದ ಅಣುತ್ಯಾಜ್ಯದ ಕೇಂದ್ರಕ್ಕೆ ಗೋರ್ಲೆಬೆನ್ ಆರಿಸಿರುವುದಾಗಿ ಪ್ರಕಟಿಸಿದರು. ನೆಲದಡಿಯಲ್ಲಿ ಉಪ್ಪಿನ ಗುಡ್ಡವಿದೆ, ಅದರೊಳಗೆ ಹೂಳಬಹುದು ಎಂಬ ಲೆಕ್ಕ. ಆ ಕಾಡಿನ ದೊಡ್ಡ ಭಾಗದ ಒಡೆಯ ಗಾರ್ಟೋದ ಕೌಂಟ್ ಬೆರ್ನ್‌ಸ್ಟೋರ್ಫ್ ನೆಲ ಮಾರಲು ಒಪ್ಪಲಿಲ್ಲ. 1979ರ ಮಾರ್ಚ್‌ನಲ್ಲಿ ರೈತರು ಟ್ರ್ಯಾಕ್ಟರುಗಳನ್ನು ಹೂಡಿಕೊಂಡು ಹನೋವರ್‌ವರೆಗೆ ಹೊರಟರು. ಅವರು ದಾರಿಯಲ್ಲಿರುವಾಗಲೇ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅವಘಡ ನಡೆಯಿತು. ಹನೋವರ್ ತಲುಪಿದಾಗ ಸುಮಾರು ಒಂದು ಲಕ್ಷ ಜನ ಸೇರಿದ್ದರು. ಮೇ ತಿಂಗಳಲ್ಲಿ ಆಲ್ಬ್ರೆಖ್ಟ್, ಆ ಕೇಂದ್ರದಲ್ಲಿ ಕಟ್ಟಬೇಕೆಂದಿದ್ದ ಬಳಸಿದ ಅಣು ಇಂಧನದ ಮರುಸಂಸ್ಕರಣ ಘಟಕ ರಾಜಕೀಯವಾಗಿ ನಡೆಯುವ ಮಾತಲ್ಲ ಎಂದು ಒಪ್ಪಿಕೊಂಡರು. ಉಪ್ಪಿನ ಗುಡ್ಡದ ಪರೀಕ್ಷೆಯನ್ನು ಮಾತ್ರ ಬಿಡಲಿಲ್ಲ. ತ್ಯಾಜ್ಯವನ್ನು ತಾತ್ಕಾಲಿಕವಾಗಿ ಇಡುವ ಮಳಿಗೆಯೂ ಅಲ್ಲೇ ಎದ್ದಿತು. ಈ ಹೊರೆ ಹೊತ್ತದ್ದಕ್ಕೆ ಜಿಲ್ಲೆಗೂ ಗಾರ್ಟೋಗೂ ಹಣ ಬಂತು. ಆದಾಯ ಇದು, ಗುಮಾಸ್ತರೇ.

ನಿಮ್ಮೆಲ್ಲರಿಗೂ ಇಷ್ಟವಾಗುವ ಭಾಗ ಈಗ ಬರುತ್ತದೆ. 1980ರ ಮೇ 3ರಂದು ಕೊರೆಯುವ ಜಾಗವನ್ನು ಪ್ರತಿಭಟನಕಾರರು ಹಿಡಿದು ಮರದ ಗುಡಿಸಲುಗಳ ಊರು ಕಟ್ಟಿ ‘ಸ್ವತಂತ್ರ ವೆಂಡ್‌ಲಾಂಡ್ ಗಣರಾಜ್ಯ’ ಎಂದು ಘೋಷಿಸಿದರು. ಗಡಿಠಾಣೆ ಇತ್ತು, ಪಾಸ್‌ಪೋರ್ಟ್ ಇತ್ತು. ಜೂನ್ 4ರಂದು ಪೊಲೀಸರು ಬಂದು ನೆಲಸಮ ಮಾಡಿದರು. 33 ದಿನಗಳ ರಾಷ್ಟ್ರ. ಆ ಜಿಲ್ಲೆಯ ಆಡಳಿತ ಚರಿತ್ರೆಯಲ್ಲಿ 1885, 1932, 1951ರ ಜೊತೆಗೆ ಇದನ್ನೂ ಸೇರಿಸಬೇಕೆಂಬುದು ನನ್ನ ಹಟ. ಸರ್ಕಾರಗಳು ಎಳೆದ ಗೆರೆಗಳೆಲ್ಲ ಬೇರೆಯವರ ಅನುಕೂಲಕ್ಕೆ ಎಳೆದವು. ಅಲ್ಲಿ ನಿಂತವರೇ ಎಳೆದ ಗೆರೆ ಇದೊಂದೇ.

ಹಳೇಗುಮಾಸ್ತ, ಸೋಮವಾರ ರಾತ್ರಿ 8.30

ಆ ಪಾಸ್‌ಪೋರ್ಟಿಗೆ ಸೀಲು ಹಾಕುವವನ ಕೆಲಸ ನನಗೆ ಸಿಕ್ಕಿದ್ದರೆ ನಿವೃತ್ತಿಯೇ ಬೇಡವಾಗಿತ್ತು. ಆದರೆ ಮೇಡಂ, ಅಲ್ಲಿಗೆ ಬಂದವರಲ್ಲಿ ಎಷ್ಟು ಜನ ಆ ಜಿಲ್ಲೆಯವರು, ಎಷ್ಟು ಜನ ಪಟ್ಟಣದಿಂದ ಬಂದವರು? ಹೊರಗಿನವರು ಎಳೆದ ಗೆರೆ ಎಂದು ಸರ್ಕಾರದ ಕಡೆಯವರೂ ಹೇಳಬಹುದಲ್ಲ.

ಎಲ್ಬೆಯಾಚೆ, ಸೋಮವಾರ ರಾತ್ರಿ 8.52

ಹೇಳಿದರು ಕೂಡ. ಗುಡಿಸಲಲ್ಲಿ ಮಲಗಿದವರಲ್ಲಿ ಪಟ್ಟಣದ ಹುಡುಗರು ಬೇಕಾದಷ್ಟಿದ್ದರು, ಒಪ್ಪುತ್ತೇನೆ. ಆದರೆ ಟ್ರ್ಯಾಕ್ಟರ್ ಹ್ಯಾಂಬರ್ಗ್‌ನಿಂದ ಬರುವುದಿಲ್ಲ. 1995ರಿಂದ 2011ರವರೆಗೆ ತ್ಯಾಜ್ಯ ತುಂಬಿದ ‘ಕಾಸ್ಟರ್’ ಪೀಪಾಯಿಗಳ ರೈಲು ಹದಿಮೂರು ಸಲ ಬಂತು, ಪ್ರತಿ ಸಲವೂ ರಸ್ತೆಗೆ ಅಡ್ಡ ನಿಂತವರಲ್ಲಿ ಅಲ್ಲಿನ ರೈತರಿದ್ದರು. ಕೊನೆಗೆ 2020ರ ಸೆಪ್ಟೆಂಬರ್‌ನಲ್ಲಿ ಭೂಗರ್ಭದ ಕಾರಣಗಳಿಂದ ಗೋರ್ಲೆಬೆನ್ ಅನ್ನು ತ್ಯಾಜ್ಯ ಹೂಳಬಹುದಾದ ಜಾಗಗಳ ಪಟ್ಟಿಯಿಂದ ಕೈಬಿಟ್ಟರು. ಆದರೆ 113 ಪೀಪಾಯಿಗಳು ನೆಲದ ಮೇಲಿನ ಮಳಿಗೆಯಲ್ಲಿ ಕೂತಿವೆ.

ವೇದಿಕೆ ನಿರ್ವಾಹಕ, ಸೋಮವಾರ ರಾತ್ರಿ 9.05

ಅಣುಶಕ್ತಿ ಬೇಕೇ ಬೇಡವೇ ಎಂಬ ವಾದಕ್ಕೆ ಬೇರೆ ಎಳೆ ಇದೆ. ಇಲ್ಲಿ ಜಿಲ್ಲೆಗಳ ಚರಿತ್ರೆಗೆ ಅಂಟಿಕೊಳ್ಳಿ. ಅಂಚೆಪೆಟ್ಟಿಗೆ ಅವರ ಕಾರ್ಡಿಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಪದಕೋಶ, ಮಂಗಳವಾರ ಬೆಳಿಗ್ಗೆ 6.50

ನಿರ್ವಾಹಕರ ಕ್ಷಮೆ ಕೋರಿ ಒಂದು ಹಿಂದಿನ ಕಾಲದ ಮಾತು. ‘ಡಾನೆನ್‌ಬೆರ್ಗ್’ ಎಂಬ ಹೆಸರಿಗೆ ಜಿಲ್ಲೆಗಿಂತ ದೊಡ್ಡ ಕನಸುಗಳಿದ್ದವು. ಅಲ್ಲಿನ ಗೋಪುರದಲ್ಲಿ 1223ರಲ್ಲಿ ಡೆನ್ಮಾರ್ಕಿನ ದೊರೆ ಎರಡನೆಯ ವಾಲ್ಡೆಮಾರ್‌ನನ್ನು ಕೂಡಿಹಾಕಿದ್ದರು. 1569ರಲ್ಲಿ ಬ್ರೌನ್‌ಷ್ವೈಗ್ ಮನೆತನದ ಪಾಲುಪಟ್ಟಿಯಲ್ಲಿ ಹೈನ್‌ರಿಖ್ ಎಂಬ ಅಣ್ಣನಿಗೆ ಡಾನೆನ್‌ಬೆರ್ಗ್ ಸೀಮೆ ಬಂತು, ಅದೇ ಒಂದು ಪುಟ್ಟ ಸಂಸ್ಥಾನವಾಯಿತು. ಅವನ ಮಗ ಆಗಸ್ಟ್‌ನ ಪಾಲಿಗೆ ಬಂದದ್ದು ಹಿಟ್ಸಾಕರ್ ಪಟ್ಟಣ. ಆಳಲು ಹೆಚ್ಚೇನೂ ಇಲ್ಲದ ದೊರೆ ಪುಸ್ತಕ ಕೂಡಿಹಾಕತೊಡಗಿದ. ಮುಂದೆ ವುಲ್ಫೆನ್‌ಬ್ಯೂಟೆಲ್‌ನ ಗದ್ದುಗೆ ಸಿಕ್ಕಾಗ ಪುಸ್ತಕಗಳೂ ಅಲ್ಲಿಗೆ ಹೋದವು. ಅಲ್ಲಿನ ಹೆಸರಾಂತ ಗ್ರಂಥಾಲಯದ ಬೀಜ ಮೊಳೆತದ್ದು ಈ ಬಡ ಜಿಲ್ಲೆಯಲ್ಲಿ. 1671ರಲ್ಲಿ ಡಾನೆನ್‌ಬೆರ್ಗ್ ಮತ್ತೆ ಲ್ಯೂನೆಬುರ್ಗ್ ಮನೆತನದ ಕೈ ಸೇರಿತು.

ನಕ್ಷೆಹುಚ್ಚ, ಮಂಗಳವಾರ ಬೆಳಿಗ್ಗೆ 8.20

ಇತ್ತೀಚಿನ ಮಾತಿಗೆ ಬರೋಣ. ಸರ್, ನಿಮ್ಮ ಕಾರ್ಡಿನ ಸೇತುವೆ ನನ್ನನ್ನು ರಾತ್ರಿಯಿಡೀ ಕಾಡಿತು. ಅದು 1873ರಲ್ಲಿ ತೆರೆದ, ಸುಮಾರು ಒಂದು ಕಿಲೋಮೀಟರ್ ಉದ್ದದ ರೈಲು ಸೇತುವೆ. ಡೋಮಿಟ್ಸ್ ಇರುವುದು ಬಲದಂಡೆಯಲ್ಲಿ, ಮೆಕ್ಲೆನ್‌ಬುರ್ಗ್‌ಗೆ ಸೇರಿದ್ದು. ಎಡದಂಡೆ ನಮ್ಮ ಜಿಲ್ಲೆ. (‘ನಮ್ಮ’ ಎಂದು ಬರೆದುಬಿಟ್ಟೆ, ನೋಡಿ!) 1945ರ ಏಪ್ರಿಲ್ 20ರ ವಿಮಾನದಾಳಿಯಲ್ಲಿ ಅದು ಮುರಿಯಿತು. ಪಕ್ಕದ ರಸ್ತೆ ಸೇತುವೆಯೂ ಅದೇ ದಿನ ಹೋಯಿತು. ಆಮೇಲೆ ನದಿಯೇ ಎರಡು ಲೋಕಗಳ ಗಡಿಯಾದ್ದರಿಂದ ಕಟ್ಟುವವರು ಯಾರು? ಗಡಿ ನದಿಯ ನಡುವೆಯೋ ಆಚೆ ದಡದಲ್ಲೋ ಎಂಬುದನ್ನೇ ಎರಡು ಜರ್ಮನಿಗಳು ಕೊನೆಯವರೆಗೂ ಬಗೆಹರಿಸಿಕೊಳ್ಳಲಿಲ್ಲ. ರಸ್ತೆ ಸೇತುವೆಯನ್ನು ಹೊಸದಾಗಿ ತೆರೆದದ್ದು 1992ರ ಡಿಸೆಂಬರ್‌ನಲ್ಲಿ. ರೈಲು ಸೇತುವೆ ಇಂದಿಗೂ ಮುರಿದೇ ಇದೆ, ಎಡದಂಡೆಯ ಕಮಾನುಗಳು ಹುಲ್ಲುಗಾವಲಿನಲ್ಲಿ ನಿಂತಿವೆ. ತುಂಡಾದ ಆ ಹಳಿಯ ಕೊನೆಯ ನಿಲ್ದಾಣ ಡಾನೆನ್‌ಬೆರ್ಗ್. ಎಲ್ಬೆಯಾಚೆ ಅವರು ಹೇಳಿದ ಪೀಪಾಯಿಗಳನ್ನು ರೈಲಿನಿಂದ ಇಳಿಸಿ ಲಾರಿಗೆ ಏರಿಸುತ್ತಿದ್ದದ್ದು ಅಲ್ಲಿಯೇ.

ನದಿ ಗಡಿಯಾದಾಗ ಇನ್ನೊಂದು ಅನ್ಯಾಯವೂ ನಡೆಯಿತು. ಪಕ್ಕದ ಲ್ಯೂನೆಬುರ್ಗ್ ಜಿಲ್ಲೆಗೆ ಬಲದಂಡೆಯಲ್ಲಿ ನೊಯ್‌ಹೌಸ್ ಎಂಬ ಸೀಮೆ ಇತ್ತು. ಸೇತುವೆಯಿಲ್ಲದೆ ಅಲ್ಲಿಗೆ ಸಾಮಾನು ಸಾಗಿಸುವುದು ಕಷ್ಟವೆಂದು ಬ್ರಿಟಿಷರು 1945ರ ಬೇಸಿಗೆಯಲ್ಲಿ ಅದನ್ನು ರಷ್ಯನ್ನರಿಗೆ ಬಿಟ್ಟುಕೊಟ್ಟರು. ಒಂದು ಸಹಿಯ ಕೆಲಸ. ಆ ಜನ ನಲವತ್ತು ವರ್ಷ ಬೇರೆ ದೇಶದವರಾದರು. 1993ರ ಜೂನ್ 30ರಂದು ಎರಡು ರಾಜ್ಯಗಳ ಒಪ್ಪಂದದಿಂದ ಮತ್ತೆ ಲ್ಯೂನೆಬುರ್ಗ್ ಜಿಲ್ಲೆಗೆ ಮರಳಿದರು.

ಹಾಗಾಗಿ ಚಿತ್ರದಲ್ಲಿ ಸೇತುವೆ ಇಡಿಯಾಗಿದ್ದರೆ ಕಾರ್ಡು 1945ರ ಏಪ್ರಿಲ್‌ಗೆ ಮುಂಚಿನದು. 1932ರಿಂದ 1945. ಮುಗಿಯಿತು.

ಹಳೇಗುಮಾಸ್ತ, ಮಂಗಳವಾರ ಬೆಳಿಗ್ಗೆ 9.10

ಮುಗಿಯಲಿಲ್ಲ. ಚಿತ್ರ ತೆಗೆದದ್ದು ಮುಂಚೆ ಇರಬಹುದು. ಕಾರ್ಡು ಹಾಕಿದ್ದು ಯಾವಾಗ? ಅಂಚೆಪೆಟ್ಟಿಗೆಯವರೇ, ಕಳಿಸಿದವರ ವಿಳಾಸವನ್ನು ಒಂದಕ್ಷರ ಬಿಡದೆ ಇಲ್ಲಿ ಹಾಕಿ. ಅರ್ಧ ಚೀಟಿಯಲ್ಲಿ ಏನು ಉಳಿದಿದೆ ಅದನ್ನೂ ಹೇಳಿ. ಕಡತದಲ್ಲಿ ನಿಜ ಇರುವುದು ಅಂಚಿನಲ್ಲಿ.

ಅಂಚೆಪೆಟ್ಟಿಗೆ, ಮಂಗಳವಾರ ಮಧ್ಯಾಹ್ನ 3.25

ಭೂತಗನ್ನಡಿ ಹಿಡಿದು ನೋಡಿದೆ. ಕಳಿಸಿದವರ ವಿಳಾಸದಲ್ಲಿ ಗಾರ್ಟೋ ಹೆಸರಿನ ಮುಂದೆ ಕಂಸದೊಳಗೆ ‘20ಎ’ ಎಂದಿದೆ. ಮನೆ ನಂಬರೆಂದು ಬಿಟ್ಟುಬಿಟ್ಟಿದ್ದೆ. ಚೀಟಿಯ ಎಡ ಅರ್ಧ ಉಳಿದಿದೆ. ‘ಡಾಯ್ಚೆ’ ಎಂಬ ಪದ ಪೂರ್ತಿಯಿದೆ, ಅದರ ಪಕ್ಕ ‘ಪೋ’ ಎಂದು ಓದುವಷ್ಟು ಅಕ್ಷರಗಳಿವೆ. ನಡುವೆ ದೊಡ್ಡದೊಂದು ‘1’ ಕಾಣುತ್ತದೆ, ಅದರ ಮುಂದಿನ ಅಂಕಿ ಹರಿದಿದೆ. ಯಾರದ್ದೂ ತಲೆ ಇಲ್ಲ, ಚಿತ್ರವಿಲ್ಲ, ಬರೀ ಅಂಕಿ.

ಈಗ ನನಗೇ ನಾಚಿಕೆಯಾಗುತ್ತಿದೆ. ಅಂಚೆಚೀಟಿ ಸಂಗ್ರಹಿಸುವವನು ನಾನು, ಚೀಟಿ ಬಿಟ್ಟು ಸೇತುವೆ ನೋಡುತ್ತಾ ಕೂತಿದ್ದೆ. ನಾಜಿಗಳ ಕಾಲದ ಚೀಟಿಯಲ್ಲಿ ‘ಡಾಯ್ಚೆಸ್ ರೈಖ್’ ಎಂದಿರಬೇಕು. ಪಶ್ಚಿಮ ಜರ್ಮನಿಯದಾದರೆ ‘ಬುಂಡೆಸ್‌ಪೋಸ್ಟ್’. ಬರೀ ‘ಡಾಯ್ಚೆ ಪೋಸ್ಟ್’ ಎಂದೂ ನಡುವೆ ದೊಡ್ಡ ಅಂಕಿಯೂ ಇರುವ ಸರಣಿಯನ್ನು ಗೆದ್ದ ರಾಷ್ಟ್ರಗಳ ಆಡಳಿತ 1946ರಲ್ಲಿ ಹೊರಡಿಸಿತು. ಹೊಸ ಹಣ ಬಂದ 1948ರ ಜೂನ್‌ನಲ್ಲಿ ಅವು ರದ್ದಾದವು. ಕೆಲವಕ್ಕೆ ಅಂಚೆಕೊಂಬಿನ ಗುರುತು ಒತ್ತಿ ಮುಂದುವರಿಸಿದರು. ನನ್ನದರಲ್ಲಿ ಉಳಿದಷ್ಟು ಭಾಗದಲ್ಲಿ ಕೊಂಬಿಲ್ಲ.

ನಕ್ಷೆಹುಚ್ಚ, ಮಂಗಳವಾರ ಮಧ್ಯಾಹ್ನ 3.40

‘20ಎ’ ಮನೆ ನಂಬರಲ್ಲ ಸರ್, ಅಂಚೆ ವಲಯದ ಸಂಖ್ಯೆ! ಆ ಎರಡಂಕಿಯ ವಲಯಗಳು 1940ರ ದಶಕದಲ್ಲಿ ಬಂದು 1961ರವರೆಗೆ ನಡೆದವು. ಹನೋವರ್ ಕಡೆಗೆ 20ಎ. ಚೀಟಿಗೂ ವಲಯಕ್ಕೂ ಜಿಲ್ಲೆಗೂ ತಾಳೆಯಾಯಿತು. 1946ರಿಂದ 1948. ಸೇತುವೆ ಮುರಿದಾದ ಮೇಲೆ ಹಾಕಿದ ಕಾರ್ಡು. ಗುಮಾಸ್ತರಿಗೆ ಸೋತೆ.

ಹಳೇಗುಮಾಸ್ತ, ಮಂಗಳವಾರ ಸಂಜೆ 4.05

ಕಾಗದಕ್ಕೆ ಬರವಿದ್ದ ಕಾಲ. ಅಂಗಡಿಯಲ್ಲೋ ಮನೆಯಲ್ಲೋ ಉಳಿದಿದ್ದ ಹಳೆಯ ಕಾರ್ಡನ್ನೇ ಹಾಕಿದ್ದಾರೆ. ಅಂದಹಾಗೆ, ಪೆನ್ಸಿಲಿನ ಗೀಟುಗಳು ಚಿತ್ರದಲ್ಲಿ ಎಲ್ಲಿವೆ?

ಅಂಚೆಪೆಟ್ಟಿಗೆ, ಮಂಗಳವಾರ ಸಂಜೆ 4.50

ಸೇತುವೆಯ ಮೇಲೆ. ನೀರಿನ ಭಾಗಕ್ಕೆ ಸರಿಯಾಗಿ, ಎರಡು ಕಂಬಗಳ ನಡುವೆ ಅಡ್ಡಡ್ಡ ಎಳೆದಿದ್ದಾರೆ. ಕೈ ನಡುಗಿಲ್ಲ, ಮಗು ಎಳೆದದ್ದಲ್ಲ. ರಬ್ಬರನ್ನು ಡ್ರಾಯರಿನೊಳಗೆ ಇಟ್ಟೆ.